ಬಿಚ್ಚುವ ಕ್ರಮ

2025ರ ಸೆಪ್ಟೆಂಬರ್ 15, ಸೋಮವಾರ ಬೆಳಿಗ್ಗೆ ಹತ್ತೂಕಾಲು ಗಂಟೆಗೆ ಸೈಬರ್ ಅಪರಾಧ ಠಾಣೆಗೆ ಒಂದು ದೂರು ಬಂತು. ದೂರುದಾರ ಅಂಬರೀಶ್, ಐವತ್ತರ ಆಸುಪಾಸಿನ ವಯಸ್ಸು. ಪೀಣ್ಯ ಎರಡನೇ ಹಂತದಲ್ಲಿ ತಂದೆ ಸೊಣ್ಣಪ್ಪ ಕಟ್ಟಿದ ಎಂಜಿನಿಯರಿಂಗ್ ಕಾರ್ಖಾನೆಯನ್ನು ನಡೆಸುತ್ತಿದ್ದವರು. ಎರಡು ದಿನ ನಿದ್ದೆ ಮಾಡಿಲ್ಲವೆಂದು ಮುಖವೇ ಹೇಳುತ್ತಿತ್ತು.

ಇನ್‌ಸ್ಪೆಕ್ಟರ್ ವನಜಾ ದೂರನ್ನು ಎರಡು ಸಲ ಓದಿದರು.

"ಫೈಲ್ ಕಳುವಾಗಿದೆಯಾ?"

"ಇಲ್ಲ ಮೇಡಂ. ಅಲ್ಲೇ ಇದೆ. ಕಣ್ಣಿಗೆ ಕಾಣ್ತಿದೆ. ತೆಗೆಯಕ್ಕೆ ಬಿಡ್ತಿಲ್ಲ."

"ದುಡ್ಡು ಕೇಳಿ ಯಾರಾದ್ರೂ ಮೆಸೇಜ್ ಹಾಕಿದಾರಾ?"

"ಇಲ್ಲ."

"ಯಾವಾಗಿಂದ?"

"ಶನಿವಾರ ಬೆಳಿಗ್ಗೆಯಿಂದ. ಶುಕ್ರವಾರ ಮಧ್ಯಾಹ್ನ ನಾನೇ ತೆಗೆದು ನೋಡಿದ್ದೆ, ಚೆನ್ನಾಗಿತ್ತು."

"ಯಾವ ಫೈಲು?"

"ಹಿಮಾಲಯದಲ್ಲಿ ಒಂದು ದೊಡ್ಡ ದೂರದರ್ಶಕ ಕೂರಿಸ್ತಾ ಇದಾರೆ ಮೇಡಂ. ಅದು ಆಕಾಶದ ಕಡೆ ತಿರುಗಬೇಕಲ್ಲ, ತಿರುಗೋಕೆ ಕೆಳಗಡೆ ಒಂದು ಉಂಗುರ ಬೇಕು. ಅದನ್ನ ನಾವು ಮಾಡಿದೀವಿ. ಈಗ ಬಿಚ್ಚಿ ಲಾರಿಗೆ ಹಾಕಬೇಕು. ಬಿಚ್ಚೋ ಡ್ರಾಯಿಂಗ್‌ಗಳೇ ತೆಗೀತಿಲ್ಲ. ತಿಂಗಳ ಕೊನೆ ಒಳಗೆ ಹೋಗ್ಲಿಲ್ಲ ಅಂದ್ರೆ ಅಲ್ಲಿ ಹಿಮ ಬಿದ್ದು ರಸ್ತೆ ಮುಚ್ಚುತ್ತೆ. ಆಮೇಲೆ ಮುಂದಿನ ವರ್ಷವೇ."

"ಯಾರ ಮೇಲಾದ್ರೂ ಅನುಮಾನ?"

"ಮಲ್ಲಿಕ್ ಅಂತ. ನಮ್ಮ ಕಂಪ್ಯೂಟರ್‌ಗಳನ್ನೆಲ್ಲ ಅವನೇ ನೋಡ್ಕೋತಿದ್ದ. ಮಾರ್ಚ್‌ನಲ್ಲಿ ಜಗಳ ಆಡ್ಕೊಂಡು ಬಿಟ್ಟು ಹೋದ. ಫೈಲ್ ಮೇಲೆ ಅವನ ಹೆಸರೇ ಬರ್ತಿದೆ."

ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ವನಜಾ, ಸೈಬರ್ ತರಬೇತಿ ಪಡೆದಿದ್ದ ಹೆಡ್ ಕಾನ್‌ಸ್ಟೆಬಲ್ ಲೋಕೇಶ್ ಮತ್ತು ಕಾನ್‌ಸ್ಟೆಬಲ್ ಕೊಟ್ರೇಶ್ ಕಾರ್ಖಾನೆಯ ಗೇಟಿನಲ್ಲಿದ್ದರು.

ವಿನ್ಯಾಸ ವಿಭಾಗವೆಂದರೆ ಮಾಳಿಗೆಯ ಮೇಲಿನ ಒಂದು ಕೋಣೆ. ಗಾಜಿನ ಕಿಟಕಿಯಿಂದ ಕೆಳಗಿನ ಶೆಡ್ಡು ಕಾಣುತ್ತಿತ್ತು. ಕೋಣೆಯಲ್ಲಿ ನಾಲ್ಕು ಮೇಜು; ಮೂಲೆಯ ಡೆಸ್ಕ್‌ಟಾಪ್‌ನಲ್ಲಿ ಕಾರ್ಖಾನೆಯ ಎಲ್ಲ ಡ್ರಾಯಿಂಗ್‌ಗಳೂ ಇದ್ದವು. ಆ ಮೇಜಿನ ಹಿಂದೆ ಕೂತಿದ್ದ ಹೆಂಗಸು ಪೊಲೀಸರನ್ನು ಕಂಡು ಎದ್ದು ನಿಂತಳು. ಹೆಸರು ಮಹಾನಂದಾ, ಸಿಂದಗಿ ಕಡೆಯವಳು, ಈಗ ಬಾಗಲಗುಂಟೆಯಲ್ಲಿ ವಾಸ. ಶೆಡ್ಡಿನವರಿಗೆ ಬೇಕಾದ ಡ್ರಾಯಿಂಗ್ ಹಾಳೆಗಳನ್ನು ಮುದ್ರಿಸಿ ಕೊಡುವುದು, ಹಳೆಯವನ್ನು ವಾಪಸ್ ಪಡೆಯುವುದು ಅವಳ ಕೆಲಸ.

ವನಜಾ ಹೇಳಿದ್ದಕ್ಕೆ ಅವಳು ಫೈಲಿನ ಮೇಲೆ ಕ್ಲಿಕ್ ಮಾಡಿ ತೋರಿಸಿದಳು. ಪರದೆಯ ಮೇಲೆ ಒಂದು ಪುಟ್ಟ ಚೌಕ ಬಂತು: ಈ ದಾಖಲೆ ತೆರೆಯಲಾಗುತ್ತಿಲ್ಲ, ಅನುಮತಿ ಇಲ್ಲ.

"ಕಂಪ್ಯೂಟರ್ ಅಂಗಡಿಯವನನ್ನ ಕರೆಸಿದ್ವಿ ಮೇಡಂ," ಅಂಬರೀಶ್ ಹೇಳಿದರು. "ಡ್ರಾಯಿಂಗ್ ನೋಡೋ ಸಾಫ್ಟ್‌ವೇರ್ ಕೆಟ್ಟಿದೆ ಅಂದ. ತೆಗೆದು ಹೊಸದು ಹಾಕಿದ. ಆಮೇಲೆ ಬೇರೆ ಕಂಪನಿದು ಹಾಕಿದ. ಆಮೇಲೆ ಇನ್ನೊಂದು. ಎಲ್ಲದರಲ್ಲೂ ಇದೇ."

ಲೋಕೇಶ್ ತಲೆ ಅಲ್ಲಾಡಿಸಿದ. ಮೊದಲು ಪಂಚರು ಬೇಕು ಎಂದ. ಎದುರಿನ ಟೀ ಅಂಗಡಿಯವನನ್ನೂ ಪಕ್ಕದ ಕಾರ್ಖಾನೆಯ ಅಕೌಂಟೆಂಟನ್ನೂ ಕರೆಸಲಾಯಿತು. ಅವರ ಸಮಕ್ಷಮ, ವಿಡಿಯೊ ಮಾಡಿಕೊಳ್ಳುತ್ತ, ಡೆಸ್ಕ್‌ಟಾಪ್‌ನ ಡಿಸ್ಕನ್ನು ಹೊರತೆಗೆದು ಅದರ ತದ್ರೂಪು ಪ್ರತಿ ಮಾಡಲು ಹಚ್ಚಿದರು. ಮೂಲವನ್ನು ಮುಟ್ಟಿ ಕೆಡಿಸಿದರೆ ಸಾಕ್ಷ್ಯ ಹೋಗುತ್ತದೆ. ಏನೇ ನೋಡುವುದಿದ್ದರೂ ಪ್ರತಿಯ ಮೇಲೆಯೇ ನೋಡಬೇಕು. ಪ್ರತಿ ಆಗಲು ಮೂರು ತಾಸು ಬೇಕಾಗಿತ್ತು.

"ಅಲ್ಲೀವರೆಗೂ ಉಂಗುರ ನೋಡ್ತೀರಾ?" ಎಂದು ಅಂಬರೀಶ್ ಕೇಳಿದರು.

ಶೆಡ್ಡಿಗೆ ಕಾಲಿಟ್ಟಾಗ ವನಜಾಗೆ ಮೊದಲು ಅರಿವಿಗೆ ಬಂದದ್ದು ಸದ್ದಿಲ್ಲದಿರುವುದು. ಪೀಣ್ಯದ ಯಾವ ಶೆಡ್ಡಿನಲ್ಲೂ ಕೇಳುವ ಲೇತು, ಗ್ರೈಂಡರುಗಳ ಕಿರುಚಾಟ ಇಲ್ಲಿರಲಿಲ್ಲ. ಯಂತ್ರಗಳನ್ನೆಲ್ಲ ಗೋಡೆಯ ಪಕ್ಕಕ್ಕೆ ಸರಿಸಿ ನಡುವೆ ಜಾಗ ಮಾಡಿದ್ದರು. ಅಲ್ಲಿ, ಅಡ್ಡಡ್ಡಲಾಗಿ ಎರಡು ಬಸ್ಸು ನಿಲ್ಲಬಹುದಾದಷ್ಟು ಅಗಲಕ್ಕೆ, ಉಕ್ಕಿನ ಒಂದು ಉಂಗುರ ಮಲಗಿತ್ತು. ಎದೆಯ ಎತ್ತರ. ಅದರ ಮೇಲೆ ಮುಂದೆ ಬರಲಿರುವ ದೂರದರ್ಶಕದ ಭಾರಕ್ಕೆ ಸಮನಾಗಿ ಕಬ್ಬಿಣದ ಗಟ್ಟಿಗಳನ್ನು ಪೇರಿಸಿದ್ದರು. ಮೇಲಿನ ತಗಡಿನ ಸಂದಿಯಿಂದ ಬಿದ್ದ ಬಿಸಿಲು ಅದರ ಅಂಚಿನ ಮೇಲೆ ನೀರಿನ ಹಾಗೆ ನಿಂತಿತ್ತು.

"ಎಷ್ಟು ತೂಕ?" ವನಜಾ ಕೇಳಿದರು. ತಾನೇಕೆ ಪಿಸುದನಿಯಲ್ಲಿ ಕೇಳಿದೆನೆಂದು ಅವರಿಗೆ ತಿಳಿಯಲಿಲ್ಲ.

"ಮ್ಯಾಲಿಂದೂ ಸೇರಿ ನಲವತ್ತು ಟನ್ ಐತ್ರಿ," ಎಂದು ಉತ್ತರ ಬಂತು. ಹೇಳಿದವನು ಹಿರಿಯ ಫಿಟ್ಟರ್ ಸಿದ್ರಾಮ, ಅವನೂ ಬಿಜಾಪುರ ಸೀಮೆಯವನು. "ತಡೀರಿ, ಪಂಪ್ ಹಚ್ಚತೀನಿ."

ಎಲ್ಲೋ ಒಂದು ಮೋಟಾರು ಗುಂಯ್‌ಗುಟ್ಟಿತು. ಎಣ್ಣೆಯ ಕೊಳವೆಗಳು ಒಮ್ಮೆ ನಡುಗಿ ಸುಮ್ಮನಾದವು. ಉಂಗುರಕ್ಕೆ ಏನೂ ಆದಂತೆ ಕಾಣಲಿಲ್ಲ.

"ಈಗ ಎದ್ದೈತ್ರಿ," ಎಂದ ಸಿದ್ರಾಮ.

"ಎಲ್ಲಿ?"

"ಕಣ್ಣಿಗೆ ಕಾಣೂದಿಲ್ರಿ. ಕೆಳಗ ಎಣ್ಣಿ ಹೊಕ್ಕೈತಿ. ಕೂದಲಕಿಂತ ತೆಳ್ಳಗ. ಅದರ ಮ್ಯಾಲ ತೇಲಾಕತ್ತೈತಿ. ಕಬ್ಬಿಣಕ್ಕ ಕಬ್ಬಿಣ ಹತ್ತಂಗಿಲ್ಲ." ಅವನು ಕೊಟ್ರೇಶನ ಕಡೆ ತಿರುಗಿದ. "ಬರ್ರಿ ಸಾಹೇಬ್ರ. ಒಂದ್ ಬಟ್ಟ ಇಡ್ರಿ. ಒಂದ ಬಟ್ಟ. ಮೆಲ್ಲಕ ದೂಡ್ರಿ."

ಕೊಟ್ರೇಶ್ ಇದೇನೋ ತಮಾಷೆಯೆಂದು ನಗುತ್ತ ತೋರುಬೆರಳಿಟ್ಟು ಒತ್ತಿದ. ನಲವತ್ತು ಟನ್ ಉಕ್ಕು ಹೊರಟಿತು.

ಯಾವ ಸದ್ದೂ ಇರಲಿಲ್ಲ, ಯಾವ ಎಳೆತವೂ ಇರಲಿಲ್ಲ. ಅಂಚಿನ ಮೇಲಿದ್ದ ಬಿಸಿಲು ಇದ್ದಲ್ಲೇ ಇತ್ತು, ಉಂಗುರ ಅದರ ಕೆಳಗೆ ಹರಿದು ಹೋಗುತ್ತಿತ್ತು. ಕೊಟ್ರೇಶ್ ಬೆರಳು ತೆಗೆದ. ಅದು ನಿಲ್ಲಲಿಲ್ಲ. ಅವನ ನಗು ಮುಖದಲ್ಲೇ ಇಂಗಿಹೋಗಿ, ಯಾರೂ ಹೇಳದೆಯೇ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ವನಜಾ ಇಪ್ಪತ್ತು ವರ್ಷಗಳ ನೌಕರಿಯಲ್ಲಿ ಮನುಷ್ಯರ ಕೈ ಏನೇನು ಮಾಡಬಲ್ಲುದು ಎಂಬುದನ್ನು ಬಹಳ ಕಂಡಿದ್ದರು, ಹೆಚ್ಚಿನದೆಲ್ಲ ಪೋಸ್ಟ್‌ಮಾರ್ಟಂ ವರದಿಗಳಲ್ಲಿ. ಈಗ ಅವರು ಉಂಗುರದ ಸುತ್ತ ಒಂದು ಬಾರಿ ನಡೆದು ಬಂದರು. ಅದು ಇನ್ನೂ ತಿರುಗುತ್ತಿತ್ತು. ಮೇಲೆ ವಿನ್ಯಾಸ ಕೋಣೆಯ ಗಾಜಿನ ಹಿಂದೆ ಲೋಕೇಶನೂ ನಿಂತು ನೋಡುತ್ತಿದ್ದ.

"ಇದನ್ನ ಹೇಗೆ ಬೇಕಾದ್ರೂ ಬಿಚ್ಚೋಕೆ ಆಗಲ್ವಾ?" ಎಂದು ಕೊನೆಗೆ ಕೇಳಿದರು.

"ಹಂಗ ಮಾಡಿದ್ರ ಹಾಳಾಕ್ಕೈತ್ರಿ," ಎಂದ ಸಿದ್ರಾಮ. "ಆರು ತುಂಡು ಐತ್ರಿ ಇದು. ಒಂದಕ್ಕೊಂದು ಜಗ್ಗಿ ಕಟ್ಟೀವಿ. ಯಾವ ಬೋಲ್ಟ್ ಮೊದಲ, ಯಾವದು ಆಮ್ಯಾಲ, ಎಷ್ಟು ಸಡಿಲ ಮಾಡಬೇಕು, ಎಲ್ಲಾ ಹಾಳ್ಯಾಗ ಐತಿ. ಒಂದು ತಪ್ಪಿದ್ರ ಸೊಟ್ಟ ಆಕ್ಕೈತಿ. ಆಮ್ಯಾಲ ತೇಲೂದಿಲ್ಲ."

"ನಿಮ್ಮ ಹತ್ರ ಮುದ್ರಿಸಿದ ಹಾಳೆ ಇರಲಿಲ್ವಾ?"

"ಇತ್ರಿ. ಶುಕ್ರವಾರ ವಾಪಸ್ ತಗೊಂಡ್ರು. ತಿದ್ದಿದ್ದು ಬರ್ತೈತಿ ಅಂದ್ರು."

"ಯಾರು?"

"ಮಹಾನಂದಾ ಮೇಡಂ. ಯಾವಾಗ್ಲೂ ಅವ್ರ ತಗೋತಾರ್ರಿ, ಅವ್ರ ಕೊಡತಾರ."

ವನಜಾ ಅದನ್ನು ಬರೆದುಕೊಂಡರು. ಆ ಹೊತ್ತಿಗೆ ಅದು ಅನುಮಾನವಾಗಿರಲಿಲ್ಲ. ಹಾಳೆ ವಾಪಸ್ ಪಡೆಯುವುದು ಅವಳ ದಿನನಿತ್ಯದ ಕೆಲಸ.

ಸಂಜೆ ಲೋಕೇಶ್ ಪ್ರತಿಯನ್ನು ತನ್ನ ಲ್ಯಾಪ್‌ಟಾಪ್‌ಗೆ ಜೋಡಿಸಿಕೊಂಡು ಒಂದೊಂದಾಗಿ ನೋಡುತ್ತ ಹೋದ. ಅದೇ ಸಾಫ್ಟ್‌ವೇರ್‌ನಲ್ಲಿ ಬೇರೆ ಡ್ರಾಯಿಂಗ್ ತೆರೆದ. ತೆರೆಯಿತು. ಅಂದರೆ ಸಾಫ್ಟ್‌ವೇರ್ ಕೆಟ್ಟಿಲ್ಲ. ತೆರೆಯದ ಫೈಲಿನ ಗಾತ್ರ ಹಳೆಯ ದಾಖಲೆಯೊಂದಿಗೆ ಹೋಲಿಸಿದ. ಒಂದಕ್ಷರವೂ ಹೆಚ್ಚುಕಡಿಮೆಯಿಲ್ಲ. ಅಂದರೆ ಫೈಲೂ ಕೆಟ್ಟಿಲ್ಲ, ಯಾರೂ ಅದನ್ನು ಗೂಢಲಿಪಿಗೆ ತಿರುಗಿಸಿಲ್ಲ. ಆಮೇಲೆ ಫೈಲಿನ ಅನುಮತಿಗಳ ಪುಟ ತೆರೆದು ವನಜಾರನ್ನು ಕರೆದ.

"ಇಲ್ಲಿದೆ ಮೇಡಂ. ಬೀಗ ಗೀಗ ಏನೂ ಹಾಕಿಲ್ಲ. ಪ್ರತಿ ಫೈಲಿಗೂ ಯಾರು ನೋಡಬಹುದು, ಯಾರು ನೋಡಬಾರದು ಅಂತ ಬರೆದಿರುತ್ತೆ. ಇದರಲ್ಲಿ 'ಎಲ್ಲರಿಗೂ ನಿಷಿದ್ಧ' ಅಂತ ಒಂದು ಸಾಲು ಸೇರಿಸಿದಾರೆ. ನೂರು ಸಾಲಲ್ಲಿ ನೋಡಬಹುದು ಅಂತ ಇದ್ರೂ ಈ ಒಂದು ಸಾಲೇ ಗೆಲ್ಲೋದು. ಆ ಕಂಪ್ಯೂಟರ್ ಅಂಗಡಿಯವನು ಕನ್ನಡಕ ಬದಲಾಯಿಸ್ತಾ ಕೂತಿದ್ದ, ಬಾಗಿಲು ಹಾಕಿರೋದನ್ನ ನೋಡಲೇ ಇಲ್ಲ."

"ಎಲ್ಲ ಡ್ರಾಯಿಂಗ್‌ಗೂ ಹೀಗೇ ಮಾಡಿದಾರಾ?"

"ಅದೇ ವಿಚಿತ್ರ. ಉಂಗುರದ್ದೇ ಸಾವಿರಾರು ಹಾಳೆ ಇದೆ. ಜೋಡಿಸೋದು, ಅಳತೆ, ಎಣ್ಣೆ ಕೊಳವೆ, ಎಲ್ಲ ತೆರೀತವೆ. ಬಿಚ್ಚೋ ಕ್ರಮದ ಹಾಳೆಗಳು ಮಾತ್ರ ಮುಚ್ಚಿವೆ."

ವನಜಾ ಕುರ್ಚಿ ಎಳೆದುಕೊಂಡು ಕೂತರು. ಕಳ್ಳನಾಗಿದ್ದರೆ ನಕಲು ಮಾಡಿಕೊಂಡು ಹೋಗುತ್ತಿದ್ದ. ಸೇಡಿನವನಾಗಿದ್ದರೆ ಎಲ್ಲವನ್ನೂ ಅಳಿಸುತ್ತಿದ್ದ. ಇಲ್ಲಿ ಯಾರೋ ಒಬ್ಬರು ಒಂದು ಗೆರೆಯನ್ನೂ ಹಾಳುಮಾಡದೆ, ಬಿಚ್ಚುವುದೊಂದನ್ನು ಮಾತ್ರ ತಡೆದಿದ್ದರು.

ಮೂಲ ಡಿಸ್ಕಿಗೆ ಮೊಹರು ಹಾಕಿ, ಜೊತೆಗೇ ಮಾಡಿಕೊಂಡಿದ್ದ ಇನ್ನೊಂದು ಪ್ರತಿಯನ್ನು ಪಂಚರ ಸಮಕ್ಷಮವೇ ಡೆಸ್ಕ್‌ಟಾಪ್‌ಗೆ ಜೋಡಿಸಿ, ಲೋಕೇಶ್ ಅದರಲ್ಲಿ ಆ ಒಂದು ಸಾಲನ್ನು ತೆಗೆದುಹಾಕಿದ. ಮೊದಲ ಹಾಳೆ ತೆರೆಯಿತು. ಇಡೀ ಉಂಗುರ ಕಪ್ಪು ಗೆರೆಗಳಲ್ಲಿ ಪರದೆ ತುಂಬಿತು. ಅವನು ಹತ್ತಿರ ಹೋದ ಹಾಗೆಲ್ಲ ಗೆರೆಯೊಳಗಿನಿಂದ ಗೆರೆ ಬಂತು: ತುಂಡು, ತುಂಡಿನೊಳಗೆ ಬೋಲ್ಟು, ಬೋಲ್ಟಿನೊಳಗೆ ತಿರುಪಿನ ಎಳೆ, ಎಳೆಯ ಪಕ್ಕ ಕಣ್ಣಿಗೆ ಕಾಣದಷ್ಟು ಸಣ್ಣ ಅಳತೆ. ಪ್ರತಿಯೊಂದಕ್ಕೂ ಯಾರೋ ಕೂತು ಯೋಚಿಸಿದ್ದರು. ಟೀ ಅಂಗಡಿಯವನು ಪಂಚನಾಮೆಗೆ ಸಹಿ ಹಾಕುವುದನ್ನು ಬಿಟ್ಟು ಬಗ್ಗಿ ನೋಡುತ್ತ ನಿಂತ. "ಇದೆಲ್ಲ ನಮ್ಮ ರೋಡ್‌ನಲ್ಲೇ ಆಯ್ತಾ ಮೇಡಂ?" ಎಂದ.

ಅಂಬರೀಶ್ ಕಣ್ಣೊರೆಸಿಕೊಂಡರು. ಸಿದ್ರಾಮನಿಗೆ ಬೆಳಿಗ್ಗೆಯೇ ಕೆಲಸ ಶುರು ಮಾಡಲು ಹೇಳಿದರು. ಆದರೆ ಪ್ರಕರಣ ಮುಗಿದಿರಲಿಲ್ಲ. ಫೈಲಿನ ಅನುಮತಿ ಬದಲಿಸಿದ ಖಾತೆ ಮಲ್ಲಿಕ್‌ನದ್ದೇ ಆಗಿತ್ತು. ಬದಲಾದದ್ದು ಶುಕ್ರವಾರ, ಸೆಪ್ಟೆಂಬರ್ 12, ಸಂಜೆ ಆರಕ್ಕೆ, ಪಾಳಿ ಬದಲಾಗುವ ಹೊತ್ತಿಗೆ.

ಮಂಗಳವಾರ ವನಜಾ ಮತ್ತು ಕೊಟ್ರೇಶ್ ಎಲೆಕ್ಟ್ರಾನಿಕ್ ಸಿಟಿಗೆ ಹೋದರು. ಮಲ್ಲಿಕ್ ಈಗ ಅಲ್ಲಿನ ಒಂದು ಸಣ್ಣ ಕಂಪನಿಯಲ್ಲಿದ್ದ, ಚಂದಾಪುರದಲ್ಲಿ ಬಾಡಿಗೆ ಮನೆ. ಮೂವತ್ತು ದಾಟದ ಹುಡುಗ. ಪೊಲೀಸರೆಂದ ಕೂಡಲೇ ಬೆವರಿದ.

"ಶುಕ್ರವಾರ ಸಂಜೆ ಎಲ್ಲಿದ್ದೆ?"

"ಇಲ್ಲೇ ಮೇಡಂ. ಆರೂವರೆವರೆಗೂ. ಗೇಟಲ್ಲಿ ಮುಖ ತೋರಿಸಿ ಹೋಗ್ಬೇಕು, ರೆಕಾರ್ಡ್ ಇರುತ್ತೆ."

"ಅಲ್ಲಿನ ನಿನ್ನ ಖಾತೆ ಇನ್ನೂ ಜೀವಂತ ಇದೆ."

"ಬಿಡೋವಾಗ ತೆಗೆದುಹಾಕಿ ಅಂತ ಹೇಳಿ ಬಂದಿದ್ದೆ. ತೆಗೆಯೋರು ಯಾರಿದಾರೆ ಅಲ್ಲಿ? ನಾನೊಬ್ನೇ ಇದ್ದದ್ದು."

"ಪಾಸ್‌ವರ್ಡ್ ಯಾರಿಗೆ ಗೊತ್ತಿತ್ತು?"

ಮಲ್ಲಿಕ್ ಯೋಚಿಸಿದ. "ಡಿಸೈನ್ ರೂಮಲ್ಲಿ ಇರೋರಿಗೆಲ್ಲ ಗೊತ್ತು ಮೇಡಂ. ನಾನು ರಜಾ ಹಾಕಿದಾಗ ಕೆಲಸ ನಿಲ್ಲಬಾರದಲ್ಲ."

ಗೇಟಿನ ದಾಖಲೆ ಅವನ ಮಾತನ್ನು ಖಚಿತಪಡಿಸಿತು. ಆದರೆ ಅವರು ಹೊರಡುವಾಗಲೇ ಆ ಕಂಪನಿಯ ಮ್ಯಾನೇಜರು ಮಲ್ಲಿಕ್‌ನನ್ನು ಒಳಗೆ ಕರೆದು, ವಿಷಯ ಇತ್ಯರ್ಥವಾಗುವ ತನಕ ಕೆಲಸಕ್ಕೆ ಬರುವುದು ಬೇಡವೆಂದರು. ವನಜಾ ಹಿಂದಿರುಗಿ ಹೋಗಿ ಆತ ಆರೋಪಿ ಅಲ್ಲವೆಂದು ತಿಳಿಹೇಳಿದರು. ಮ್ಯಾನೇಜರು ಕೈಮುಗಿದು, ನಮ್ಮ ಗ್ರಾಹಕರು ಕೇಳಿದರೆ ಏನು ಹೇಳಲಿ ಮೇಡಂ, ಎಂದರು. ಮಲ್ಲಿಕ್ ಬ್ಯಾಗು ಹೆಗಲಿಗೇರಿಸಿ ಬಸ್ ಸ್ಟಾಪಿನ ಕಡೆ ನಡೆದುಹೋಗುವುದನ್ನು ಜೀಪಿನಿಂದ ಇಬ್ಬರೂ ನೋಡಿದರು.

ಠಾಣೆಯಲ್ಲಿ ಲೋಕೇಶ್ ಕಾಯುತ್ತಿದ್ದ.

"ಮೇಡಂ, ಎರಡು ವಿಷಯ. ಒಂದು, ಶುಕ್ರವಾರ ಆ ಖಾತೆಗೆ ಹೊರಗಿಂದ ಯಾರೂ ಬಂದಿಲ್ಲ. ಆ ಡೆಸ್ಕ್‌ಟಾಪ್ ಮುಂದೆ ಕೂತು, ಅದರದೇ ಕೀಬೋರ್ಡಲ್ಲಿ ಪಾಸ್‌ವರ್ಡ್ ಹೊಡೆದಿದಾರೆ."

"ಎರಡನೇದು?"

"ರದ್ದಾದ ಡ್ರಾಯಿಂಗ್‌ಗಳಿಗೆ ಅಂತ ಒಂದು ಫೋಲ್ಡರ್ ಇದೆ. ತಿದ್ದುಪಡಿ ಆದಮೇಲೆ ಹಳೇ ಹಾಳೆನ ಯಾರೂ ತಪ್ಪಿ ತೆಗೆಯಬಾರದು ಅಂತ ಅವನ್ನೆಲ್ಲ ಮುಚ್ಚಿಡ್ತಾರೆ. ಹೇಗೆ ಮುಚ್ಚಿದಾರೆ ಅಂದ್ರೆ, ಅದೇ ಖಾತೆ, ಅದೇ 'ಎಲ್ಲರಿಗೂ ನಿಷಿದ್ಧ'. ಒಂದೇ ಕೈ, ಮೇಡಂ. ಕೊನೇದು ಆಗಸ್ಟ್‌ನಲ್ಲಿ ಮುಚ್ಚಿರೋದು. ಮಲ್ಲಿಕ್ ಹೋಗಿದ್ದು ಮಾರ್ಚ್‌ನಲ್ಲಿ."

ವನಜಾ ಸೋಮವಾರ ಬರೆದುಕೊಂಡಿದ್ದ ಪುಟ ತೆರೆದರು: ಹಳೆಯ ಹಾಳೆಗಳನ್ನು ವಾಪಸ್ ಪಡೆಯುವುದು ಮಹಾನಂದಾ.

ಬುಧವಾರ ಬೆಳಿಗ್ಗೆ ವನಜಾ ವಿನ್ಯಾಸ ಕೋಣೆಯಲ್ಲಿ ಮಹಾನಂದಾಳ ಎದುರು ಕೂತರು. ಪಕ್ಕದಲ್ಲಿ ಮಹಿಳಾ ಕಾನ್‌ಸ್ಟೆಬಲ್ ಒಬ್ಬರಿದ್ದರು. ಕಿಟಕಿಯಾಚೆ ಶೆಡ್ಡಿನಲ್ಲಿ ಸಿದ್ರಾಮನ ತಂಡ ಕಬ್ಬಿಣದ ಗಟ್ಟಿಗಳನ್ನು ಕ್ರೇನಿನಿಂದ ಇಳಿಸುತ್ತಿತ್ತು.

"ಹಳೇ ಡ್ರಾಯಿಂಗ್ ಮುಚ್ಚೋದು ನಿಮಗೆ ಯಾರು ಕಲಿಸಿದ್ರು?"

"ಮಲ್ಲಿಕ್ ಸರ್ ರೀ."

"ಶುಕ್ರವಾರ ಸಂಜೆ ಎಷ್ಟೊತ್ತಿಗೆ ಹೊರಟ್ರಿ?"

"ಎಲ್ಲಾರೂ ಹೋದ ಮ್ಯಾಲ ಹೋಗೀನ್ರಿ."

"ಸಿದ್ರಾಮ ಅವರ ಹತ್ರ ಇದ್ದ ಹಾಳೆ ವಾಪಸ್ ತಗೊಂಡ್ರಲ್ಲ. ತಿದ್ದುಪಡಿ ಏನಿತ್ತು?"

ಮಹಾನಂದಾ ತಲೆ ತಗ್ಗಿಸಿ ಮೇಜಿನ ಮೇಲಿನ ಹಾಳೆಗಳನ್ನು ಜೋಡಿಸತೊಡಗಿದಳು.

"ನಿನ್ನೆ ಮಲ್ಲಿಕ್ ಆಫೀಸಿಗೆ ಹೋಗಿದ್ವಿ," ವನಜಾ ಹೇಳಿದರು. "ಅವನನ್ನ ಮನೆಗೆ ಕಳಿಸಿಬಿಟ್ರು. ಕೆಲಸ ಉಳಿಯುತ್ತೋ ಇಲ್ವೋ."

"ಅವ್ರನ್ನ ಯಾಕ್ರಿ?" ಮಹಾನಂದಾ ತಲೆಯೆತ್ತಿದಳು. "ಅವ್ರು ಇಲ್ಲಿ ಇಲ್ಲಽ ಇಲ್ಲ."

"ಫೈಲ್ ಮೇಲೆ ಅವನ ಹೆಸರಿದೆ."

ಅವಳು ಮೇಜಿನ ಅಂಚನ್ನು ಹಿಡಿದುಕೊಂಡಳು. "ಆ ಹೆಸರು ಬರ್ತೈತಿ ಅಂತ ನಾ ವಿಚಾರಾನ ಮಾಡ್ಲಿಲ್ರಿ," ಎಂದಳು. "ದಿನಾ ಅದರಾಗ ಕೆಲಸ ಮಾಡತಿದ್ದೆ. ನಾನ ಮಾಡೀನ್ರಿ ಮೇಡಂ. ಅವ್ರನ್ನ ಬಿಡ್ರಿ."

ತೆಗೆದುಕೊಂಡಿದ್ದ ಹಾಳೆಗಳು ಅವಳ ಬೀರುವಿನಲ್ಲೇ ಇದ್ದವು, ಮಡಿಕೆಯೂ ಬೀಳದಂತೆ ಸುತ್ತಿಟ್ಟಿದ್ದಳು. ಪಂಚನಾಮೆ ಮಾಡಿ ಅವನ್ನು ವಶಕ್ಕೆ ಪಡೆದ ಮೇಲೆ ವನಜಾ ಕೇಳಿದರು.

"ಯಾಕೆ ಮಾಡಿದ್ರಿ?"

"ಹದಿನೇಳ ವರ್ಷ ಆತ್ರಿ ನಾ ಇಲ್ಲಿ ಹಾಳಿ ಕೊಡಾಕತ್ತಿ. ಒಂದ್ ಹಾಳ್ಯಾಗ ಒಂದ ತೂತು. ಒಂದ್ ಹಾಳ್ಯಾಗ ಒಂದ ಬೋಲ್ಟು. ಅದು ಎಲ್ಲಿ ಹೊಕ್ಕೈತಿ, ಏನ್ ಆಕ್ಕೈತಿ, ಯಾರೂ ಹೇಳೂದಿಲ್ಲ, ನಾವೂ ಕೇಳೂದಿಲ್ಲ. ಈ ಪೀಣ್ಯದಾಗ ಎಲ್ಲಾರದೂ ಹಂಗಽ ರೀ. ಬಿಡಿ ಸಾಮಾನು ಮಾಡೂದು, ಡಬ್ಬಿಗೆ ಹಾಕೂದು, ಕಳಸೂದು. ಇದೊಂದ ಇಡೀದು ಆಗಿದ್ದು ನೋಡೀವ್ರಿ." ಅವಳು ಕಿಟಕಿಯ ಕಡೆ ನೋಡಿದಳು. "ಮೊದಲ ಸಲ ಎಣ್ಣಿ ಬಿಟ್ಟ ದಿನ ಎಲ್ಲಾರೂ ಸುತ್ತ ನಿಂತಿದ್ವಿ. ಅದು ತಿರುಗಿತು. ಊಟಕ್ಕ ಗಂಟಿ ಆದ್ರೂ ಯಾರೂ ಹೋಗ್ಲಿಲ್ರಿ. ಕೆಲವರು ಅತ್ರು. ನಾ ಕೊಟ್ಟ ಒಂದೊಂದ ಹಾಳಿ ಅದರಾಗ ಎಲ್ಲಿ ಐತಿ ಅಂತ ನನಗ ಕಾಣತಿತ್ತು."

"ಮಾಲೀಕರ ಹತ್ರ ಹೇಳಬಹುದಿತ್ತಲ್ಲ."

"ಹೇಳೀವ್ರಿ. ಒಂದ್ ದಿನ ಮನಿ ಮಂದೀನ ಕರ್ಕೊಂಡ ಬಂದು ತೋರಸ್ತೀವಿ ಅಂದ್ವಿ. ಆಗಂಗಿಲ್ಲ ಅಂದ್ರು. ಗಿರಾಕಿ ಷರತ್ತಂತ. ಫೋಟೋನೂ ಹೊಡಿಯಂಗಿಲ್ಲಂತ. ಸೋಮವಾರ ಬಿಚ್ಚತಾರ ಅಂದ್ರು. ನನಗ ತಡಕೊಳ್ಳಾಕ ಆಗ್ಲಿಲ್ಲ. ನಾಕ್ ದಿನ ಇರ್ಲಿ ಅನಿಸ್ತು."

"ಬಿಚ್ಚಿದ್ರೇನಂತೆ, ಅಲ್ಲಿ ಮತ್ತೆ ಜೋಡಿಸ್ತಾರಲ್ಲಮ್ಮ."

"ಜೋಡಸ್ತಾರ್ರಿ," ಎಂದಳು ಮಹಾನಂದಾ. "ನಾವ್ ನೋಡಂಗಿಲ್ಲ."

ಮಧ್ಯಾಹ್ನ ಹನ್ನೆರಡೂ ನಲವತ್ತಕ್ಕೆ ಬಂಧನ ಪತ್ರಕ್ಕೆ ಸಹಿಯಾಯಿತು. ಅವಳ ಗಂಡ ಮಲಕಪ್ಪನಿಗೆ ಫೋನಿನಲ್ಲಿ ತಿಳಿಸಲಾಯಿತು. ಕೆಳಗಿಳಿದು ಗೇಟಿಗೆ ಹೋಗುವಾಗ ಶೆಡ್ಡಿನವರೆಲ್ಲ ಕೆಲಸ ನಿಲ್ಲಿಸಿ ನಿಂತರು. ಯಾರೂ ಅವಳನ್ನು ಬೈಯಲಿಲ್ಲ. ಅಂಬರೀಶ್ ಮಾತ್ರ ಹತ್ತಿರ ಬಂದು, "ಒಂದು ವರ್ಷ ಹೋಗಿಬಿಡ್ತಿತ್ತಲ್ಲ ಮಹಾನಂದಾ," ಎಂದರು. ಕೋಪಕ್ಕಿಂತ ನೋವೇ ಹೆಚ್ಚಿತ್ತು ಅದರಲ್ಲಿ. ಅವಳು, "ತಪ್ಪಾತ್ರಿ," ಎಂದಷ್ಟೇ ಹೇಳಿದಳು.

ಕಲಮು ಜಾಮೀನಿಗೆ ಅರ್ಹವಾದದ್ದು. ಸಂಜೆ ಮಲಕಪ್ಪ ಬಂದು ಜಾಮೀನು ಕೊಟ್ಟು ಅವಳನ್ನು ಕರೆದುಕೊಂಡು ಹೋದ. ಹೋಗುವ ಮುನ್ನ ಮಲ್ಲಿಕ್‌ನ ಫೋನ್ ನಂಬರು ಬೇಕೆಂದಳು. ತನಿಖೆ ಮುಗಿಯುವ ತನಕ ಕೊಡಲು ಬರುವುದಿಲ್ಲವೆಂದು ವನಜಾ ತಿಳಿಸಿದರು. ಮಲ್ಲಿಕ್ ನಿರ್ದೋಷಿ ಎಂದು ಠಾಣೆಯ ಮೊಹರಿನ ಪತ್ರವನ್ನು ಮರುದಿನ ಕೊಟ್ರೇಶನೇ ಎಲೆಕ್ಟ್ರಾನಿಕ್ ಸಿಟಿಗೆ ಒಯ್ದು ಕೊಟ್ಟ. ಮಲ್ಲಿಕ್ ಶುಕ್ರವಾರ ಕೆಲಸಕ್ಕೆ ಮರಳಿದ.

ಉಂಗುರದ ಆರು ತುಂಡುಗಳು ಸೆಪ್ಟೆಂಬರ್ 24ರಂದು ಆರು ಲಾರಿಗಳಲ್ಲಿ ತುಮಕೂರು ರಸ್ತೆ ಹಿಡಿದವು. ಅಕ್ಟೋಬರ್ ಮೊದಲ ವಾರ ಬೆಟ್ಟ ಸೇರಿದವೆಂದೂ, ಅವು ಹತ್ತಿದ ನಾಲ್ಕನೇ ದಿನ ಹಿಮ ಬಿದ್ದು ರಸ್ತೆ ಮುಚ್ಚಿತೆಂದೂ ಅಂಬರೀಶ್ ಫೋನ್ ಮಾಡಿ ತಿಳಿಸಿದರು. ಮಹಾನಂದಾಳನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವ ವಿಷಯ ಅವರು ಎತ್ತಲಿಲ್ಲ, ವನಜಾ ಕೇಳಲಿಲ್ಲ.

ನವೆಂಬರಿನಲ್ಲಿ ಆರೋಪಪಟ್ಟಿ ಸಿದ್ಧವಾಯಿತು. ಲೋಕೇಶ್ ಟೈಪ್ ಮಾಡುತ್ತ ಒಂದು ಕಡೆ ನಿಂತ.

"ಮೇಡಂ, ಅಪರಾಧದ ಉದ್ದೇಶ ಅಂತ ಕೇಳ್ತಿದೆ. ಹಣ, ದ್ವೇಷ, ಆಸ್ತಿ ವಿವಾದ, ಇತರೆ. ಇತರೆ ಅಂತ ಹಾಕಿದ್ರೆ ಕಾರಣ ಬರೀಬೇಕು."

"ಬರಿ. 'ತಾವೆಲ್ಲ ಸೇರಿ ಮಾಡಿದ ವಸ್ತುವನ್ನು ಇಡಿಯಾಗಿ ಇನ್ನೂ ಕೆಲವು ದಿನ ನೋಡಬೇಕೆಂಬ ಆಸೆ.'"

ಲೋಕೇಶನ ಬೆರಳು ಕೀಲಿಗಳ ಮೇಲೆ ನಿಂತಿತು. "ಕೋರ್ಟಲ್ಲಿ ನಗ್ತಾರೇನೋ ಮೇಡಂ."

"ನೀನು ಅದನ್ನ ನೋಡಿದೀಯಲ್ಲ," ಎಂದರು ವನಜಾ.

ಅವನು ಒಂದಕ್ಷರ ಬದಲಿಸದೆ ಟೈಪ್ ಮಾಡಿದ.